ಪಾದ್ರಿಯಷ್ಟು ಸ್ವತಂತ್ರಳು

ಪ್ರಿಬಾಟ್ಸ್ ಸತ್ತ ಸುದ್ದಿಯನ್ನು ಊರಿಗೆ ತಂದದ್ದು ಅವನ ಎತ್ತು. ಗ್ರೀಕರ ಮೇಲೆ ದಂಡೆತ್ತಿ ಹೋದ ಒಡೆಯನ ಸಾಮಾನು ಸಾಗಿಸಲು ಅವನೂ ಅವನ ಜೋಡೆತ್ತೂ ಹೋಗಿ ಏಳು ತಿಂಗಳಾಗಿತ್ತು. ಮರಳಿ ಬಂದದ್ದು ಒಂದೇ ಎತ್ತು, ಅದೂ ಕುಂಟುತ್ತ. ಅದನ್ನು ಹೊಡೆದುಕೊಂಡು ಬಂದ ಪಕ್ಕದೂರಿನವನು ಬಾಗಿಲಲ್ಲೇ ನಿಂತು ಟೊಪ್ಪಿ ತೆಗೆದು, "ಭೇದಿ ಹತ್ತಿ ಹೋದ ಕಣಮ್ಮ. ಕತ್ತಿ ಏಟಲ್ಲ," ಎಂದ. ಹಾಗೆ ಹೇಳಬೇಕಾಗಿ ಬಂದದ್ದಕ್ಕೆ ಅವನಿಗೇ ನಾಚಿಕೆಯಾದಂತಿತ್ತು.

"ಎಲ್ಲಿ ಹೂತ್ರಿ?" ಎಂದು ಪ್ರಿಬಾಟ್ಸನ ಹೆಂಡತಿ ಗ್ರುಬಾಚಾ ಕೇಳಿದಳು.

"ದಾರಿ ಪಕ್ಕ. ಕಲ್ಲಿಟ್ಟಿದ್ದೀವಿ." ಆಮೇಲೆ, "ಚಿಕ್ಕ ಕಲ್ಲು," ಎಂದು ಸೇರಿಸಿದ.

ಗ್ರುಬಾಚಾ ಎಂದರೆ ಕುರೂಪಿ. ಅವಳಿಗಿಂತ ಮೊದಲು ಹುಟ್ಟಿದ ಮೂವರು ತೊಟ್ಟಿಲಲ್ಲೇ ಹೋಗಿದ್ದರು; ಇದೊಂದರ ಮೇಲಾದರೂ ಸಾವಿನ ಕಣ್ಣು ಬೀಳದಿರಲಿ ಎಂದು ತಾಯಿ ಇಟ್ಟ ಹೆಸರು. ಹೆಸರು ಕೆಲಸ ಮಾಡಿತ್ತು. ಮೂವತ್ತೈದಾದರೂ ಅವಳು ಗಟ್ಟಿಯಾಗಿದ್ದಳು, ಮುಖವೂ ಹೆಸರಿನಷ್ಟು ಕೆಟ್ಟದ್ದಾಗಿರಲಿಲ್ಲ. ಇಬಾರ್ ಹೊಳೆಯ ದಂಡೆಯಲ್ಲಿ ಅವಳದೊಂದು ತುಂಡು ಜಮೀನು, ಅದರಲ್ಲಿ ಅಗಸೆ. ಅಗಸೆಯನ್ನು ಹೊಳೆಯ ಮಡುವಿನಲ್ಲಿ ನೆನೆಹಾಕಿ, ಕುಟ್ಟಿ, ಬಾಚಿ, ನಾರು ತೆಗೆದು ಅವಳು ನೂತಳೆಂದರೆ ಆ ನೂಲನ್ನು ಸೂಜಿಕಣ್ಣಿಗೆ ಕುರುಡರೂ ಪೋಣಿಸಬಹುದು ಎಂದು ಊರಲ್ಲಿ ಮಾತಿತ್ತು. ಮಗಳು ಕಾಲಿನಾಳಿಗೆ ಹದಿನಾಲ್ಕು. ಅವಳ ಬೆರಳಿಗೂ ಅದೇ ಹದ ಇಳಿಯುತ್ತಿತ್ತು.

ನಲವತ್ತನೆಯ ದಿನಕ್ಕೆ ಗೋಧಿ ಬೇಯಿಸಿ ಜೇನು ಕಲಸಿ ಗಂಡನ ಹೆಸರಲ್ಲಿ ಹಂಚಿದಳು. ಮಾರನೆಯ ಬೆಳಿಗ್ಗೆ ನಾರಿನ ಕೋಲನ್ನು ಸೊಂಟಕ್ಕೆ ಸಿಕ್ಕಿಸಿ ಕದಿರು ಹಿಡಿದು ಕೂತಳು. ಅದೇ ದಿನ ಒಡೆಯನ ದೊಡ್ಡಮನೆಯ ಪಾರುಪತ್ಯಗಾರ ಹ್ರೆಲ್ಯಾ ಕುದುರೆಯಿಂದ ಇಳಿಯದೆ ಅಂಗಳದಲ್ಲಿ ನಿಂತ.

"ದೇವರು ಅವನಿಗೆ ಒಳ್ಳೇದು ಮಾಡ್ಲಿ," ಎಂದು ಶಿಲುಬೆ ಎಳೆದುಕೊಂಡು, ಆ ಕೈ ಕೆಳಗಿಳಿಸುವಷ್ಟರಲ್ಲೇ, "ಸೋಮವಾರದಿಂದ ಬಾ," ಎಂದ.

"ಎಲ್ಲಿಗೆ ಧಣಿ?"

"ಎಲ್ಲಿಗೆ ಅಂತೀಯಲ್ಲೇ! ಒಲೆ ಉರಿಯೋ ಪ್ರತಿ ಮನೆಯಿಂದ ವಾರಕ್ಕೆ ಎರಡು ದಿನ ಬಿಟ್ಟಿ. ಗಂಡಸಿದ್ರೆ ಗಂಡಸು ಬರ್ತಾನೆ, ಇಲ್ದಿದ್ರೆ ಹೆಂಗಸು. ನೂಲುಕೋಣೆಯಲ್ಲಿ ಕೂತ್ಕೊ. ಬೆಚ್ಚಗಿರತ್ತೆ."

ಗ್ರುಬಾಚಾ ಕದಿರು ನಿಲ್ಲಿಸಿದಳು. "ಧಣಿ, ನಾನು ವಿಧವೆ. ನೂತು ಬದುಕೋಳು. ಚಕ್ರವರ್ತಿಗಳ ಕಾನೂನು ಇದೆಯಲ್ಲ."

ಹ್ರೆಲ್ಯಾ ನಕ್ಕ. ಮೂರು ವರ್ಷದ ಹಿಂದೆ ಇಗರ್ಜಿಯ ಅಂಗಳದಲ್ಲಿ ಆ ಕಾನೂನು ಓದಿಸಿದಾಗ ಊರೂ ನಕ್ಕಿತ್ತು. ಅರ್ಧ ದಿನ ಓದಿದ್ದರಲ್ಲಿ ಜನಕ್ಕೆ ನೆನಪುಳಿದದ್ದು ಕೈ ಕಡಿಯುವುದು, ಮೂಗು ಕೊಯ್ಯುವುದು, ಮತ್ತೆ ಈ ಒಂದು ಸಾಲು: ನೂಲುವ ಬಡ ವಿಧವೆ ಪಾದ್ರಿಯಷ್ಟೇ ಸ್ವತಂತ್ರಳು. ಅಂದು ಪ್ರಿಬಾಟ್ಸ್ ಕೂಡ ಹೆಂಡತಿಯ ಪಕ್ಕೆ ತಿವಿದು, "ನಾನು ಸತ್ರೆ ನಿನಗೆ ಗಡ್ಡ ಬರತ್ತೆ ನೋಡು," ಎಂದಿದ್ದ.

"ಪಾದ್ರಿಯಾಗ್ತೀಯೇನೇ?" ಹ್ರೆಲ್ಯಾ ಕುದುರೆ ತಿರುಗಿಸಿದ. "ಸೋಮವಾರ."

ಸೋಮವಾರ ಅವಳು ಹೋಗಲಿಲ್ಲ. ಮರುವಾರ ಅವಳ ಕುಂಟೆತ್ತನ್ನು ಹಿಡಿದುಕೊಂಡು ಹೋದರು. ಆಗ ಅವಳು ಪಾದ್ರಿಯ ಮನೆಗೆ ನಡೆದಳು. ಪಾದ್ರಿ ವುಕೋಯೆ ಒಳ್ಳೆಯ ಮನುಷ್ಯ, ಹೆದರುವ ಮನುಷ್ಯ. ಈರುಳ್ಳಿ ಮಡಿಯಲ್ಲಿ ಕಳೆ ಕೀಳುತ್ತಿದ್ದವನು ತಲೆ ಎತ್ತದೆಯೇ ಕೇಳಿಸಿಕೊಂಡ.

"ಕಾನೂನಲ್ಲಿದೆ. ಇದೆ," ಎಂದ. "ಆದ್ರೆ ಗ್ರುಬಾಚಾ, ನನ್ನ ಸ್ವಾತಂತ್ರ್ಯ ಏನು ಅಂತ ನನ್ನ ಹೆಂಡ್ತೀನ ಕೇಳು. ಒಡೆಯರ ನಾಯಿ ಬೊಗಳಿದ್ರೂ ಎದ್ದು ನಿಲ್ತೀನಿ."

"ಬಿಟ್ಟಿ ಮಾಡ್ತೀರಾ ಅಯ್ಯನೋರೇ?"

"ಇಲ್ಲ."

"ನನಗೆ ಅಷ್ಟೇ ಸಾಕು."

ಪಾದ್ರಿ ಬೆನ್ನು ನೆಟ್ಟಗೆ ಮಾಡಿ ಅವಳನ್ನು ನೋಡಿದ. "ಸಂತೆಪೇಟೆಗೆ ಚಕ್ರವರ್ತಿಗಳ ನ್ಯಾಯಾಧೀಶರು ಬರೋದು ಸುಗ್ಗಿ ಮುಗಿದ ಮೇಲೆ. ಅಲ್ಲಿ ಹೇಳ್ಕೋಬಹುದು. ನಿನ್ನ ಬಾಯಲ್ಲಲ್ಲ. ಗತಿಯಿಲ್ಲದ ವಿಧವೆ ತನ್ನ ಪರವಾಗಿ ಮಾತಾಡೋಕೆ ಒಬ್ಬನ್ನ ನಿಲ್ಲಿಸ್ಬಹುದು ಅಂತಿದೆ. ನಿಲ್ಲಿಸ್ಬಹುದು ಅಂದ್ರೆ, ನಿಲ್ಲಿಸ್ಲೇಬೇಕು ಅಂತ ಇಲ್ಲಿಯ ರೂಢಿ."

ನಿಲ್ಲಲು ಇದ್ದವನು ಒಬ್ಬನೇ, ಗಂಡನ ತಮ್ಮ ಒಬ್ರಾದ್. ಪಕ್ಕದ ಮನೆ, ನಡುವೆ ಮುಳ್ಳುಬೇಲಿ. ನಾಲ್ಕು ಮಕ್ಕಳ ತಂದೆ, ಸೋಮಾರಿಯಲ್ಲ, ಕುಡುಕನಲ್ಲ. ಅಣ್ಣನ ಸುದ್ದಿ ಬಂದ ದಿನ ಬೇಲಿ ಹಿಡಿದುಕೊಂಡು ಹೆಂಗಸಿನ ಹಾಗೆ ಅತ್ತಿದ್ದ.

"ಅತ್ತಿಗೆ, ನಾನು ಏನಂತ ಹೇಳ್ಲಿ? ದೊಡ್ಡವರ ಮುಂದೆ ನನ್ನ ನಾಲಿಗೆ ಒಣಗತ್ತೆ."

"ಒಂದೇ ಸಾಲು. ನಾನು ಕಲಿಸ್ತೀನಿ."

ಸುಗ್ಗಿಯುದ್ದಕ್ಕೂ ಅವಳು ಕಲಿಸಿದಳು. ಅವನು ಕುಡುಗೋಲು ಮಸೆಯುವಾಗ, ಹೊರೆ ಕಟ್ಟುವಾಗ, ಬೇಲಿಯಾಚೆಯಿಂದ, "ಹೇಳು," ಎನ್ನುವಳು. ಅವನು, "ನೂಲುವ ಬಡ ವಿಧವೆ ಪಾದ್ರಿಯಷ್ಟೇ ಸ್ವತಂತ್ರಳು," ಎನ್ನುವನು. ಅವನ ಚಿಕ್ಕ ಮಗಳೂ ಅದನ್ನು ಕಲಿತು ಕೋಳಿಗಳ ಮುಂದೆ ಒಪ್ಪಿಸತೊಡಗಿದಳು. ಹೊಳೆಯಲ್ಲಿ ಬಟ್ಟೆ ಒಗೆಯುವ ಹೆಂಗಸರಿಗೂ ಸುದ್ದಿ ಹೋಯಿತು.

"ದಾರಿ ಬಿಡ್ರೇ, ಪಾದ್ರಿಯಮ್ಮ ಬಂದ್ಳು!" ಎಂದಳು ಸ್ಟೋಯ್ನಾ. ಅವಳ ಗಂಡನಿಗೆ ಸೊಂಟ ಬಿದ್ದು, ಬಿಟ್ಟಿಯ ಎರಡು ದಿನ ಅವಳೇ ಹೋಗುತ್ತಿದ್ದಳು. "ಪಾದ್ರಿ ಹಂಗೆ ನಮ್ಮ ಪಾಪಗಳನ್ನೂ ಕೇಳ್ತೀಯೇನೇ?"

"ನಿನ್ನ ಪಾಪ ಕೇಳೋಕೆ ಒಂದು ದಿನ ಸಾಲದು ಬಿಡು," ಎಂದಳು ಗ್ರುಬಾಚಾ. ಎಲ್ಲರೂ ನಕ್ಕರು, ಸ್ಟೋಯ್ನಾಳೂ ನಕ್ಕಳು. ನಗು ಮುಗಿದ ಮೇಲೆ ಅವಳು ಬಟ್ಟೆ ಹಿಂಡುತ್ತ, ಯಾರನ್ನೂ ನೋಡದೆ ಹೇಳಿದಳು: "ನೀನು ಬರ್ದಿದ್ರೆ ನಿನ್ನ ಪಾಲಿನ ನಾರು ಯಾರ ಮಡಿಲಿಗೆ ಬೀಳತ್ತೆ ಅಂತ ಯೋಚ್ನೆ ಮಾಡಿದೀಯಾ?"

ಸಂತೆಪೇಟೆಯಲ್ಲಿ ನ್ಯಾಯ ನಡೆದದ್ದು ಇಗರ್ಜಿಯ ಮುಂದಿನ ಎಲ್ಮ್ ಮರದ ಕೆಳಗೆ. ನ್ಯಾಯಾಧೀಶ ನೆಗಡಿಯಾಗಿದ್ದ ಮುದುಕ; ಬರೆಯುವವನೊಬ್ಬ, ಊರ ಹಿರಿಯರು ಹನ್ನೆರಡು ಮಂದಿ. ಗ್ರುಬಾಚಾ ಕಪ್ಪು ವಸ್ತ್ರ ತಲೆಗೆ ಬಿಗಿದು, ಗಂಡಸರ ಸಾಲಿನ ಹಿಂದೆ, ಒಬ್ರಾದನ ಬೆನ್ನು ಕಾಣುವ ಹಾಗೆ ನಿಂತಳು. ಪಕ್ಕದಲ್ಲಿ ಕಾಲಿನಾ.

ಒಬ್ರಾದನ ಸರದಿ ಬಂತು. ಅವನ ಕಿವಿ ಕೆಂಪಗಾಗಿತ್ತು. ಆದರೂ ಹೇಳಿದ, ಎಡವದೆ, ಕೊನೆಯ ಅಕ್ಷರದವರೆಗೆ.

ನ್ಯಾಯಾಧೀಶ ಮೂಗು ಒರೆಸಿಕೊಂಡು ಬರೆಯುವವನತ್ತ ನೋಡಿದ. ಅವನು ಹಾಳೆ ತಿರುವಿ ತಲೆಯಾಡಿಸಿದ. "ಸರಿ ಇದೆ. ಈ ಹೆಂಗಸು ಪಾದ್ರಿಯಷ್ಟೇ ಸ್ವತಂತ್ರಳು. ಎತ್ತು ವಾಪಸು ಕೊಡಿ. ಇನ್ನು ಯಾರಾದ್ರೂ ಇವಳನ್ನ ಬಿಟ್ಟಿಗೆ ಕರೆದ್ರೆ ಚಕ್ರವರ್ತಿಗಳಿಗೆ ದಂಡ ಕಟ್ಟಬೇಕಾಗತ್ತೆ. ಮುಂದಿನವರು ಯಾರು?"

ಇಷ್ಟು ಬೇಗ! ಗ್ರುಬಾಚಾ ಮಗಳ ಭುಜ ಹಿಡಿದುಕೊಂಡಳು. ಆಗ ಹ್ರೆಲ್ಯಾ ಒಂದು ಹೆಜ್ಜೆ ಮುಂದೆ ಬಂದ. ಅವನ ಮುಖದಲ್ಲಿ ಕೋಪವೇ ಇರಲಿಲ್ಲ.

"ಮಹಾಸ್ವಾಮಿ, ತೀರ್ಪಿಗೆ ತಲೆಬಾಗಿದ್ದೀನಿ. ಒಂದೇ ಒಂದು ಮಾತು. ಆ ಜಮೀನು ಒಡೆಯರದ್ದು. ಬಿಟ್ಟಿ ಮಾಡೋ ಒಲೆಗೆ ಅಂತ ಕೊಟ್ಟದ್ದು. ಒಲೆ ಸ್ವತಂತ್ರ ಆದ ಮೇಲೆ ಜಮೀನು ಯಾರದು? ಪ್ರಿಬಾಟ್ಸನ ಎರಡು ದಿನ ಯಾರು ಹೊರ್ತಾರೋ ಅವರದಲ್ವೇ?"

ನ್ಯಾಯಾಧೀಶ ಹಿರಿಯರ ಕಡೆ ನೋಡಿದ. ಅವರು ಒಬ್ಬರ ಕಿವಿಯಲ್ಲೊಬ್ಬರು ಮಾತಾಡಿಕೊಂಡರು. ರೂಢಿ ಹಾಗೇ ಇದೆ ಎಂದರು.

"ಸತ್ತವನಿಗೆ ಗಂಡುಮಕ್ಕಳಿದಾರಾ?" ಎಂದ ನ್ಯಾಯಾಧೀಶ. ಇಲ್ಲವೆಂದರು. "ತಮ್ಮ ಇದಾನಾ?"

"ಇಲ್ಲೇ ನಿಂತಿದಾನೆ," ಎಂದ ಹ್ರೆಲ್ಯಾ.

ಹೊಳೆಯ ದಂಡೆಯ ಆ ತುಂಡನ್ನು ಒಬ್ರಾದ್ ಹುಟ್ಟಿದಾಗಿನಿಂದ ನೋಡಿದ್ದ. ಅಣ್ಣ ತಮ್ಮ ಬೇರೆಯಾದಾಗ ಅದು ತನಗೆ ಬರಲಿಲ್ಲವೆಂದು ಒಂದು ವರ್ಷ ಮಾತು ಬಿಟ್ಟಿದ್ದ. ಮನೆಯಲ್ಲಿ ನಾಲ್ಕು ಹೊಟ್ಟೆ.

"ಹೊರ್ತೀಯೇನಪ್ಪಾ?"

ಒಬ್ರಾದ್ ಹಿಂದೆ ತಿರುಗಿ ಅತ್ತಿಗೆಯನ್ನು ನೋಡಲಿಲ್ಲ. ನೋಡಿದ್ದರೆ ಬೇರೆಯಾಗುತ್ತಿತ್ತೋ ಏನೋ. "ಹೊರ್ತೀನಿ," ಎಂದ.

"ಸ್ವಾಮೀ!" ಎಂದು ಗ್ರುಬಾಚಾ ಕೂಗಿದಳು. "ಅದು ನನ್ನ ಅಗಸೆ! ಭೂಮಿ ಇಲ್ಲದೆ ನಾರೆಲ್ಲಿಂದ, ನಾರಿಲ್ಲದೆ ನಾನೇನು ನೂಲೋದು?"

ಕಾವಲಿನವನು ಕೋಲು ಅಡ್ಡ ಹಿಡಿದ. ನ್ಯಾಯಾಧೀಶ ಸಿಟ್ಟಾಗಲಿಲ್ಲ, ಅವಳಿಗೆ ಬುದ್ಧಿ ಹೇಳುವವನಂತೆ ಹೇಳಿದ: "ತಾಯೀ, ನಿನ್ನ ಪರ ಮಾತಾಡೋನು ಅಲ್ಲಿದಾನೆ. ಹೇಳೋದಿದ್ರೆ ಅವನ ಬಾಯಲ್ಲಿ ಹೇಳಿಸು."

ಗ್ರುಬಾಚಾ ಒಬ್ರಾದನ ಬೆನ್ನನ್ನು ನೋಡಿದಳು. ಅಗಲವಾದ ಬೆನ್ನು, ಪ್ರಿಬಾಟ್ಸನ ಬೆನ್ನಿನ ಹಾಗೆಯೇ. ಅದು ಅಲುಗಲಿಲ್ಲ.

ಬೇಲಿಯೇ ಹೊಲ ಮೇಯ್ದಿತೆಂದು ಊರವರು ಆಡಿಕೊಂಡರು, ಆದರೆ ಒಬ್ರಾದನ ಎದುರಿಗಲ್ಲ. ಅವನು ಒಂದು ಚೀಲ ಬಾರ್ಲಿ ತಂದು ಅವಳ ಹೊಸ್ತಿಲಲ್ಲಿಟ್ಟ. "ನಾರು ನಾನು ಕೊಡ್ತೀನಿ ಅತ್ತಿಗೆ. ನೂತದ್ರಲ್ಲಿ ಅರ್ಧ ನಂಗೆ, ಅರ್ಧ ನಿಂಗೆ. ಬೇರೆಯವರ ಪಾಲಾಗೋ ಬದಲು ಮನೇಲೇ ಉಳೀತಲ್ಲ?"

"ಯಾರ ಮನೇಲಿ?" ಎಂದು ಅವಳು ಬಾಗಿಲು ಹಾಕಿಕೊಂಡಳು. ಚೀಲ ಮೂರು ದಿನ ಅಲ್ಲೇ ಇತ್ತು. ನಾಲ್ಕನೆಯ ದಿನ ಹಸಿವಾಗಿ ಒಳಗೆ ತಂದಳು.

ಕೆಟ್ಟದ್ದು ಮುಗಿಯಿತೆಂದುಕೊಂಡಿದ್ದಳು. ಆದರೆ ಒಬ್ರಾದನಿಗೆ ಈಗ ತನ್ನ ಎರಡು ದಿನ, ಅಣ್ಣನ ಎರಡು ದಿನ, ಒಟ್ಟು ನಾಲ್ಕು ದಿನದ ಬಿಟ್ಟಿ. ಭಾನುವಾರ ಬಿಟ್ಟರೆ ಉಳಿದ ಎರಡು ದಿನದಲ್ಲಿ ಎರಡು ಜಮೀನು ಉಳಬೇಕು. ಚಳಿಗಾಲ ಬರುವಷ್ಟರಲ್ಲಿ ಅವನ ಕಣ್ಣುಗಳು ಗುಳಿಬಿದ್ದವು. ಹ್ರೆಲ್ಯಾ ದಾರಿ ತೋರಿಸಿದ: ಅಣ್ಣನ ಪಾಲಿನ ದಿನಕ್ಕೆ ಅಣ್ಣನ ಮಗಳನ್ನು ಕಳಿಸು. ತಂದೆಯಿಲ್ಲದ ಹುಡುಗಿ ಚಿಕ್ಕಪ್ಪನ ಒಲೆಗೆ ಸೇರಿದವಳು. ಹುಡುಗಿಯ ಕೆಲಸ ಗಂಡಸಿನ ಅರ್ಧ, ಆದ್ದರಿಂದ ಎರಡರ ಬದಲು ನಾಲ್ಕು ದಿನ. ಗುಡ್ಡದ ದಾರಿಯಲ್ಲಿ ಹಿಮ ಬೀಳುತ್ತದೆ, ಆದ್ದರಿಂದ ವಾರವಿಡೀ ಅಲ್ಲೇ ಇರಲಿ.

ಒಬ್ರಾದ್ ಹೇಳಲು ಬಂದಾಗ ಗ್ರುಬಾಚಾ ಕೊಡಲಿ ಎತ್ತಿಕೊಂಡಳು.

"ಅವಳು ವಿಧವೆಯ ಮಗಳು! ಕಾನೂನಿದೆ!"

"ಕಾನೂನಲ್ಲಿ ವಿಧವೆ ಅಂತಿದೆ ಅತ್ತಿಗೆ. ಮಗಳು ಅಂತಿಲ್ಲ. ಕೇಳ್ಕೊಂಡು ಬಂದೆ."

ಕಾಲಿನಾ ತಾಯಿಯ ಕೈಯಿಂದ ಕೊಡಲಿ ಬಿಡಿಸಿದಳು. "ಬಿಡಮ್ಮ. ನಿನ್ನ ಗಲಾಟೆಯಿಂದ ಜಮೀನು ಹೋಯ್ತು. ಈಗ ತಲೆಗಳೂ ಹೋಗ್ಬೇಕಾ?" ಎಂದಳು. ಬೇರೆ ಲಂಗ, ಉಣ್ಣೆಯ ಕಾಲುಚೀಲ, ತನ್ನ ಕದಿರು ಗಂಟು ಕಟ್ಟಿಕೊಂಡಳು. ಹೊರಡುವಾಗ ಕೂಡ ಅಳಲಿಲ್ಲ. ಗ್ರುಬಾಚಾಳಿಗೆ ಅದೇ ಹೆಚ್ಚು ಚುಚ್ಚಿತು.

ತಿಂಗಳೊಳಗೆ ಗ್ರುಬಾಚಾ ಹಿಮ ತುಳಿದು ದೊಡ್ಡಮನೆಗೆ ಹೋದಳು. ಒಡತಿ ದೆಸಿಸ್ಲಾವಾ ಕಿಟಕಿಯ ಬಳಿ, ಚೌಕಟ್ಟಿಗೆ ಬಿಗಿದ ಕೆಂಪು ರೇಷ್ಮೆಯ ಮೇಲೆ ಚಿನ್ನದ ಎಳೆಯಲ್ಲಿ ದೇವದೂತನ ರೆಕ್ಕೆ ಹೊಲಿಯುತ್ತ ಕೂತಿದ್ದಳು. ಒಡೆಯ ದಂಡಿಗೆ ಹೋಗಿ ವರ್ಷ ದಾಟಿತ್ತು. ಅವನು ಜೀವಂತ ಬರಲೆಂದು ಮಠಕ್ಕೆ ಹರಕೆಯ ವಸ್ತ್ರ. ಇನ್ನೂ ಇಪ್ಪತ್ತೆಂಟರ ಹೆಂಗಸು, ಕಣ್ಣ ಸುತ್ತ ಕಪ್ಪು.

"ನ್ಯಾಯಾಧೀಶರ ಹತ್ರ ಹೋದ ಹೆಂಗಸು ನೀನೇನಾ?" ಎಂದು ಕುತೂಹಲದಿಂದ ನೋಡಿದಳು. "ಕೂತ್ಕೊ. ಇಷ್ಟು ದೂರ ಒಬ್ಬಳೇ ನಡ್ಕೊಂಡು ಬಂದ್ಯಾ?"

"ಹೂಂ ಅಮ್ಮಾವ್ರೇ. ನನ್ನ ಮಗಳನ್ನ ಬಿಟ್ಬಿಡಿ. ಅವಳ ಬದಲು ನಾನು ಬರ್ತೀನಿ. ಅವಳು ನಾಲ್ಕು ದಿನದಲ್ಲಿ ನೂಲೋದನ್ನ ನಾನು ಎರಡೇ ದಿನದಲ್ಲಿ ನೂಲ್ತೀನಿ."

"ನಿನ್ನನ್ನ ಕೂರಿಸ್ಕೊಂಡ್ರೆ ನಮಗೆ ದಂಡ. ನೀನು ಸ್ವತಂತ್ರಳು."

"ನಂಗೆ ಬೇಡ ಅಮ್ಮಾವ್ರೇ ಅದು. ವಾಪಸು ತಗೊಳ್ಳಿ."

"ಚಕ್ರವರ್ತಿಗಳು ಕೊಟ್ಟದ್ದನ್ನ ನಾನು ಹೆಂಗೆ ತಗೊಳ್ಲಿ?" ಒಡತಿ ಸೂಜಿ ಕೆಳಗಿಟ್ಟಳು. ನಕ್ಕಳು, ಆದರೆ ಅದು ಹಂಗಿಸುವ ನಗುವಾಗಿರಲಿಲ್ಲ. "ನನ್ನ ತಂಗಿ ಹೆರಿಗೆಯಲ್ಲಿ ಹೋದಾಗ ನೋಡೋಕೆ ಹೋಗ್ತೀನಿ ಅಂದೆ. ಮೈದುನ ಕುದುರೆ ಕೊಡ್ಲಿಲ್ಲ. ಅಣ್ಣ ಇಲ್ದಿರುವಾಗ ಅತ್ತಿಗೆ ಗಡಿ ದಾಟ್ಬಾರ್ದಂತೆ. ನೀನು ಒಬ್ಬಳೇ ನಡ್ಕೊಂಡು ಬಂದಿದೀಯ, ಬೇಡ ಅಂತೀಯ."

ಗ್ರುಬಾಚಾ ನೆಲ ನೋಡುತ್ತ ಕೂತಳು. ಶ್ರೀಮಂತರ ದುಃಖಕ್ಕೆ ಏನು ಹೇಳಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ತನ್ನದೇ ಕುತ್ತಿಗೆವರೆಗೆ ಇತ್ತು.

"ಒಂದು ದಾರಿ ಇದೆ," ಎಂದಳು ಒಡತಿ. "ನೀನು ವಿಧವೆ ಆಗಿರೋವರೆಗೆ ತಾನೇ ಸ್ವತಂತ್ರಳು? ನಮ್ಮ ಒಕ್ಕಲಲ್ಲಿ ಯಾರನ್ನಾದ್ರೂ ಮದುವೆಯಾಗು. ಆಗ ಬಾ. ಹುಡುಗೀನ ನಾನು ಕಳಿಸಿಕೊಡ್ತೀನಿ. ನಿನ್ನ ನೂಲು ನೋಡಿದೀನಿ. ಈ ವಸ್ತ್ರಕ್ಕೆ ಒಳಪದರ ಬೇಕು, ಅಂಥ ನೂಲು ಇಲ್ಲಿ ಯಾರ ಕೈಲೂ ಇಲ್ಲ."

ಹೋಗುವಾಗ ಬಿಳಿ ರೊಟ್ಟಿ ಕೊಡಿಸಿದಳು. ಗ್ರುಬಾಚಾ ಅದನ್ನು ನೂಲುಕೋಣೆಯ ಬಾಗಿಲಲ್ಲಿ ಕಾಲಿನಾಳ ಕೈಗಿಟ್ಟು ಬಂದಳು.

ತ್ವರ್ದೊಯೆ ದೊಡ್ಡಮನೆಯ ಒಕ್ಕಲು, ಗಾಡಿಯ ಗಾಲಿ ಮಾಡುವವನು. ಅರವತ್ತು ದಾಟಿತ್ತು, ಒಂದು ಕಿವಿ ಕೇಳುತ್ತಿರಲಿಲ್ಲ, ಇಬ್ಬರು ಹೆಂಡಿರನ್ನು ಹೂತಿದ್ದ. ಗ್ರುಬಾಚಾ ತಾನಾಗಿ ಹೋಗಿ ಕೇಳಿದಾಗ ಅವನು ಎರಡು ಸಲ, "ಏನಂದೆ?" ಎಂದ. ಮೂರನೆಯ ಸಲ ಅವಳು ಒಳ್ಳೆಯ ಕಿವಿಯ ಕಡೆಗೆ ಹೋಗಿ ಕಿರುಚಿದಳು. ಬೀದಿಗೆಲ್ಲ ಕೇಳಿಸಿತು.

"ರೊಟ್ಟಿ ಸುಡ್ತೀಯಾ?" ಎಂದ ತ್ವರ್ದೊಯೆ.

"ಸುಡ್ತೀನಿ."

"ಹೊಡೆಯೋಕೆ ನನ್ನ ಕೈಲಿ ಶಕ್ತಿ ಇಲ್ಲ. ಅದು ನಿನ್ನ ಪುಣ್ಯ."

ಇಗರ್ಜಿಯ ಆಶೀರ್ವಾದವಿಲ್ಲದ ಮದುವೆ ಮದುವೆಯಲ್ಲ ಎಂದೂ ಅದೇ ಕಾನೂನು ಹೇಳಿತ್ತು. ಪಾದ್ರಿ ವುಕೋಯೆ ಇಬ್ಬರ ತಲೆಯ ಮೇಲೂ ಮದುವೆಯ ಕಿರೀಟ ಹಿಡಿದ. "ಇವತ್ತಿನವರೆಗೆ ನನ್ನ ಸಮಾನಳಾಗಿದ್ದೆ," ಎಂದು ತಮಾಷೆ ಮಾಡಲು ಹೋಗಿ, ಅವಳ ಮುಖ ನೋಡಿ, ಅರ್ಧಕ್ಕೇ ನಿಲ್ಲಿಸಿದ. ವಿಧವೆಯ ಕಪ್ಪು ವಸ್ತ್ರ ಬಿಚ್ಚಿ, ಗಂಡನುಳ್ಳವರು ತಲೆಗೆ ಕಟ್ಟುವ ಬಿಳಿಯದು ಕಟ್ಟಿಕೊಂಡು ಅವಳು ಆ ಸೋಮವಾರವೇ ದೊಡ್ಡಮನೆಗೆ ನಡೆದಳು.

ಹೆಬ್ಬಾಗಿಲಲ್ಲಿ ಹ್ರೆಲ್ಯಾ ಇದ್ದ. "ಬಾ ಬಾ. ತ್ವರ್ದೊಯೆ ಒಲೆಯಿಂದ ಒಬ್ಬಳು," ಎಂದು ಲೆಕ್ಕದ ಕೋಲಿನ ಮೇಲೆ ಗುರುತು ಕೊರೆದ.

"ನನ್ನ ಮಗಳನ್ನ ಕಳಿಸ್ತಾರೆ. ಅಮ್ಮಾವ್ರು ಹೇಳಿದಾರೆ."

"ನಿನ್ನ ಮಗಳು ಒಬ್ರಾದನ ಒಲೆಯವಳು. ನೀನು ತ್ವರ್ದೊಯೆ ಒಲೆಯವಳು. ಈ ಒಲೆಯ ಬದಲು ಆ ಒಲೆ ಹೆಂಗಾಗತ್ತೆ?" ಹ್ರೆಲ್ಯಾ ಲೋಕದ ಅತಿ ಸುಲಭದ ಮಾತನ್ನು ತಿಳಿಸಿ ಹೇಳುವವನಂತೆ ಹೇಳಿದ. "ಅಮ್ಮಾವ್ರ ಮಾತು ಸೂಜಿ ದಾರಕ್ಕೆ. ಒಲೆ ಲೆಕ್ಕ ನನ್ನದು, ಅಮ್ಮಾವ್ರ ಮೈದುನ ಚಿಕ್ಕ ಒಡೆಯರದ್ದು."

ಅವನನ್ನು ತಳ್ಳಿಕೊಂಡೇ ಅವಳು ಒಳಗೆ ಓಡಿದಳು. ಒಡತಿ ಅದೇ ಕಿಟಕಿಯ ಬಳಿ ಇದ್ದಳು. ಗ್ರುಬಾಚಾ ಬಾಗಿಲಲ್ಲಿ ನಿಂತು ಏದುಸಿರು ಬಿಟ್ಟಳು. ಏನೂ ಕೇಳಬೇಕಾಗಿ ಬರಲಿಲ್ಲ.

"ನಾನು ಹೇಳಿದೆ," ಎಂದಳು ದೆಸಿಸ್ಲಾವಾ, ತಲೆ ಎತ್ತದೆ. "ಮೈದುನನಿಗೆ ಎರಡು ಸಲ ಹೇಳಿದೆ. ಹೇಳೋದಷ್ಟೇ ನನ್ನ ಕೈಲಿರೋದು." ಚಿನ್ನದ ಎಳೆ ಸೂಜಿಯಿಂದ ಜಾರಿತ್ತು, ಅವಳು ಅದನ್ನು ಮತ್ತೆ ಪೋಣಿಸಲು ಹೋದಳು, ಆಗಲಿಲ್ಲ, ಮತ್ತೆ ಹೋದಳು. "ಹೋಗಿ ಕೂತ್ಕೊ. ನಿಂಗೆ ಕಿಟಕಿ ಹತ್ರ ಜಾಗ ಕೊಡೋಕೆ ಹೇಳ್ತೀನಿ."

ನೂಲುಕೋಣೆಯಲ್ಲಿ ಹನ್ನೊಂದು ಮಂದಿ ಹೆಂಗಸರು ಗೋಡೆಯ ಬೆಂಚುಗಳ ಮೇಲೆ ಕೂತಿದ್ದರು. ಸ್ಟೋಯ್ನಾ ಅವಳನ್ನು ನೋಡಿ ಬಾಯಿ ತೆರೆದಳು. ಹಂಗಿಸಲು ಇಷ್ಟು ಒಳ್ಳೆಯ ಸಮಯ ಅವಳಿಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ. ಆದರೆ ಬಾಯಿ ಮುಚ್ಚಿಕೊಂಡು, ಬೆಂಚಿನಲ್ಲಿ ಸರಿದು ಜಾಗ ಬಿಟ್ಟಳು.

ಜಾಗ ಕಾಲಿನಾಳ ಪಕ್ಕದಲ್ಲಿತ್ತು. ಹುಡುಗಿ ತಾಯಿಯ ಬಿಳಿ ವಸ್ತ್ರವನ್ನು ನೋಡಿದಳು.

"ಯಾಕೆ ಬಂದೆ?"

"ನಿನ್ನ ಬಿಡಿಸೋಕೆ."

"ಬಿಡಿಸಿದ್ಯಾ?"

ಗ್ರುಬಾಚಾ ನಾರಿನ ಕೋಲಿಗಾಗಿ ಕೈ ಚಾಚಿದಳು.

"ಒಬ್ಬಳಾದ್ರೂ ಹೊರಗಿದೀಯ ಅಂದ್ಕೊಂಡಿದ್ದೆ," ಎಂದಳು ಕಾಲಿನಾ, ಬೇರೆ ಯಾರಿಗೂ ಕೇಳದ ಹಾಗೆ. "ಬೆಳಿಗ್ಗೆ ಎದ್ದಾಗ ಅದನ್ನೇ ನೆನೆಸ್ಕೊಳ್ತಿದ್ದೆ. ಅಮ್ಮ ಈಗ ಮನೇಲಿದಾಳೆ, ಯಾರೂ ಕೂಗೋಲ್ಲ, ಬೇಕಾದಾಗ ಏಳ್ತಾಳೆ ಅಂತ." ಅವಳು ಬೆಂಚಿನಲ್ಲಿ ಗೋಡೆಯ ಕಡೆಗೆ ತಿರುಗಿ ಕೂತಳು.

ಆ ಚಳಿಗಾಲವಿಡೀ, ಮುಂದಿನ ಬೇಸಿಗೆಯಲ್ಲೂ, ಕಾಲಿನಾ ತಾಯಿಯೊಡನೆ ಮಾತಾಡಲಿಲ್ಲ. ಒಡೆಯ ದಂಡಿನಿಂದ ಬರಲಿಲ್ಲ. ವಸ್ತ್ರ ಮುಗಿದು ಮಠಕ್ಕೆ ಹೋಯಿತು, ಅಂಚಿನಲ್ಲಿ ಒಡೆಯನ ಹೆಸರು ಹೊಲಿದಿತ್ತೆಂದು ಹೊತ್ತುಕೊಂಡು ಹೋದವರು ಹೇಳಿದರು. ತ್ವರ್ದೊಯೆ ಮಾತು ಕೊಟ್ಟಂತೆ ಹೊಡೆಯಲಿಲ್ಲ. ಎರಡು ದಿನ ಬಿಟ್ಟಿ, ಉಳಿದ ದಿನ ಅವನ ರೊಟ್ಟಿ, ಅವನ ಹೊಲ, ಅವನ ಕಿವುಡು. ಗ್ರುಬಾಚಾಳ ಬೆರಳ ಗಂಟುಗಳು ಊದಿಕೊಂಡವು. ಒಬ್ರಾದನ ಹೊಲದಲ್ಲಿ ಅಗಸೆ ನೀಲಿ ಹೂ ಬಿಟ್ಟು ಉದುರಿಸಿತು.

ನಾರು ನೆನೆಹಾಕುವ ಕಾಲಕ್ಕೆ, ಒಂದು ಮಧ್ಯಾಹ್ನ, ಕಾಲಿನಾ ತಾಯಿಯ ಮಡಿಲಿನಿಂದ ನೂಲು ಎತ್ತಿ ಬೆರಳ ನಡುವೆ ಹಿಡಿದು ಬೆಳಕಿಗೆ ಒಡ್ಡಿದಳು. ತಿಂಗಳುಗಳ ಮೇಲೆ ಮೊದಲ ಸಲ ಬಾಯಿ ಬಿಟ್ಟಳು.

"ಎಳೆ ದಪ್ಪ ಬರ್ತಿದೆ ಅಮ್ಮ," ಎಂದಳು. "ಹೀಗಾದ್ರೆ ಬಯ್ತಾರೆ. ಇಲ್ಲಿ ಕೊಡು, ನಂದು ತಗೊ. ಹ್ರೆಲ್ಯಾ ಬರೋದ್ರೊಳಗೆ ಬದಲಾಯಿಸು."